ಅಪ್‌ಡೇಟ್: ತಾನಾಗೇ ಆಫ್ ಆಗುತ್ತಿದ್ದ ಹಳೇ ಕಂಪ್ಯೂಟರ್

ರಾಯಚೂರಿನ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಸ್ವಲ್ಪ ಹೊತ್ತಿಗೇ ಆಫ್ ಆಗುತ್ತದೆ, ತಾರೀಖು ಬೇರೆ ಪ್ರತಿ ಸಲ ಹಿಂದಕ್ಕೆ ಹೋಗುತ್ತದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ತಾರೀಖಿನ ಕಾಟ ಸುಲಭದ್ದು. ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ (ಕಂಪ್ಯೂಟರ್ ಆಫ್ ಇದ್ದಾಗಲೂ ಗಡಿಯಾರ ನಡೆಸುವ ನಾಣ್ಯದಂಥ ಬ್ಯಾಟರಿ) 3 ವೋಲ್ಟ್ ಕೊಡಬೇಕು, ಮೀಟರ್ 2ಕ್ಕಿಂತ ಕಡಿಮೆ ತೋರಿಸಿತು. ಹೊಸದು ಹಾಕಿದೆ, ಮುಗಿಯಿತು.

ಆಫ್ ಆಗುವುದಕ್ಕೆ ಜಾಸ್ತಿ ಜನ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ಕಾರಣ ಅಂದಿರಿ. ಅದರ ಪಿನ್‌ಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದೆ, ಏನೂ ಬದಲಾಗಲಿಲ್ಲ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆಯಲ್ಲಿ) ಟೆಂಪರೇಚರ್ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ವಿಂಡೋಸ್‌ಗೂ ಹೋಗದೆ ಸುಮ್ನೆ ಆ ಪರದೆ ನೋಡುತ್ತಾ ಕೂತರೆ ಪ್ರೊಸೆಸರ್ ಬಿಸಿ ಏರುತ್ತಲೇ ಹೋಗಿ, 90 ಡಿಗ್ರಿ ದಾಟಿದ ಮೇಲೆ ಟಪ್ ಅಂತ ಆಫ್. ಫ್ಯಾನ್ ಚೆನ್ನಾಗೇ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಅದರ ಕೆಳಗೆ ಪ್ರೊಸೆಸರಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸಂದಿಗಳಲ್ಲಿ ಧೂಳು ಕಂಬಳಿ ಹಾಗೆ ಗಟ್ಟಿಯಾಗಿ ಕೂತಿತ್ತು, ಪ್ರೊಸೆಸರಿನ ಬಿಸಿಯನ್ನು ಆ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಉಗುರು ತಾಕಿದರೆ ಪುಡಿ ಉದುರುತ್ತಿತ್ತು. ಬ್ರಶ್‌ನಿಂದ ಧೂಳು ತೆಗೆದು, ಹಳೇ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದು ಹಚ್ಚಿದೆ. ಈಗ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದೂ ನಮ್ಮೂರ ಬೇಸಿಗೆಯಲ್ಲಿ! ಅಂಗಡಿಯವರು ಮಾತ್ರ ಮದರ್‌ಬೋರ್ಡೇ ಹೋಗಿದೆ ಅಂದಿದ್ದರು.

ಇನ್ನೊಂದು ಕೇಳಬೇಕಿತ್ತು. ಫ್ಯಾನ್ ಶುರುವಾಗುವಾಗ ಕಿರ್ ಅನ್ನುತ್ತದೆ. ಒಂದು ಹನಿ ಮಷೀನ್ ಎಣ್ಣೆ ಬಿಟ್ಟರೆ ಸಾಕಾ, ಬದಲಿಸಲೇಬೇಕಾ?