ಬಸ್ ನಿಲ್ದಾಣದಿಂದ ಹಿಂದಿನ ಗೇಟ್‌ವರೆಗೆ: ಈ ತುಂಡು ರಸ್ತೆಗೆ ಏನು ಮಾಡೋಣ?

ಸಂಚಾಲಕಿ:
ವಿಶ್ವವಿದ್ಯಾಲಯದ ಹಿಂದಿನ ಗೇಟ್‌ನಿಂದ ಬಸ್ ನಿಲ್ದಾಣದವರೆಗಿನ ರಸ್ತೆಯ ಮಾತೆಲ್ಲ ಇಲ್ಲೇ ಇರಲಿ, ಬೇರೆ ಬೇರೆ ಕಡೆ ಚದುರುವುದು ಬೇಡ. ಗೇಟ್ ಒಳಗಿನದು ವಿವಿಯದು, ಹೊರಗಿನ ರಸ್ತೆ ಪಾಲಿಕೆಯದು, ತಂಗುದಾಣ ಸಾರಿಗೆ ಸಂಸ್ಥೆಯದು. ದೂರು ಹೋದಾಗ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವುದು ಇದಕ್ಕೇ. ‘ರಸ್ತೆ ಸುರಕ್ಷಿತವಾಗಿಲ್ಲ’ ಎಂದು ಬರೆದರೆ ಅದು ಯಾರ ಮೇಜಿಗೂ ಸೇರುವುದಿಲ್ಲ. ಯಾವ ಕಂಬದಿಂದ ಯಾವ ಕಂಬದವರೆಗೆ, ಯಾವ ಹೊತ್ತಿನಲ್ಲಿ, ಏನು ತೊಂದರೆ, ಅಷ್ಟು ಬರೆಯಿರಿ. ‘ಮಕ್ಕಳು ಹುಷಾರಾಗಿ ಓಡಾಡಬೇಕು’ ಅನ್ನುವ ಉಪದೇಶ ಮಾತ್ರ ದಯವಿಟ್ಟು ಬೇಡ.

ಮೂಲೆ ಮನೆ:
ಇಷ್ಟೆಲ್ಲ ಯಾಕೆ? ರಾತ್ರಿ 8ಕ್ಕೆ ಹಿಂದಿನ ಗೇಟ್ ಮುಚ್ಚಿಸಿ, ಎರಡು ಸಿಸಿಟಿವಿ ಹಾಕಿಸಿ. ಮುಗೀತು.

ಹಾಸ್ಟೆಲ್ ಪ್ರತಿನಿಧಿ:
ಗ್ರಂಥಾಲಯ, ಪ್ರಯೋಗಾಲಯದಿಂದ ಜನ ಹೊರಬೀಳುವುದೇ 8ರ ಮೇಲೆ. ಗೇಟ್ ಮುಚ್ಚಿದರೆ ಅವರು ಮುಖ್ಯರಸ್ತೆ ಸುತ್ತಿಕೊಂಡು ಇನ್ನೂ ಹೆಚ್ಚು ದೂರ ನಡೆಯಬೇಕು, ಇಲ್ಲವೇ ಗೋಡೆ ಹಾರಬೇಕು. ಈಗ ಇಲ್ಲಿ ಗುಂಪು ಗುಂಪಾಗಿ ಬರುವವರು ಇದ್ದಾರೆ ಎಂಬುದೇ ಈ ರಸ್ತೆಗಿರುವ ಕಾವಲು. ಅವರನ್ನೂ ತೆಗೆದರೆ ಕಡೆಯ ಬಸ್ಸಿಗೆ ಓಡುವ ಒಬ್ಬಿಬ್ಬರ ಪಾಡು?

ಮುಚ್ಚುವ ಬದಲು ಕಾವಲುಗಾರ ಗೇಟ್ ಹೊರಗೆ ನಿಲ್ಲಲಿ ಎಂದು ಕೇಳೋಣ. ದೀಪ ಹಾಕಿಕೊಂಡ ಗಾಜಿನ ಕೋಣೆಯಲ್ಲಿ ಕೂತವರಿಗೆ ಹೊರಗಿನ ಕತ್ತಲು ಕಾಣುವುದಿಲ್ಲ, ಗಾಜಿನಲ್ಲಿ ಅವರದೇ ಬಿಂಬ ಕಾಣುತ್ತದೆ. ಕೋಣೆಯ ದೀಪ ಮಂದ ಮಾಡಿ ಹೊರಗೆ ಒಂದು ದೀಪ ಹಾಕಿದರೆ ಆಯಿತು.

ಎ ಬ್ಲಾಕ್, ಎಲೆಕ್ಟ್ರಿಕಲ್:
ಕ್ಯಾಮೆರಾ ದಾಖಲಿಸುತ್ತದೆ, ಓಡಿ ಬರುವುದಿಲ್ಲ. ಅದಕ್ಕೂ ಬೆಳಕು ಬೇಕು. ಇಡೀ ರಸ್ತೆ ಹಿಡಿಯುವ ಅಗಲ ಕೋನದ ಕ್ಯಾಮೆರಾದಲ್ಲಿ ರಾತ್ರಿ ನಂಬರ್ ಪ್ಲೇಟ್ ಹೆಡ್‌ಲೈಟಿನ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ಪ್ಲೇಟ್ ಓದಲು ಕಿರಿದಾದ ಕೋನದ ಬೇರೆಯದೇ ಕ್ಯಾಮೆರಾ ಬೇಕು. ಮೊದಲು ದೀಪ, ಆಮೇಲೆ ಕ್ಯಾಮೆರಾ.

ದೀಪದ ವಿಷಯದಲ್ಲಿ ಎಲ್ಲರೂ ಕೇಳುವುದು ‘ಹೆಚ್ಚು ವ್ಯಾಟ್ ಹಾಕಿ’ ಅಂತ. ಅದು ತಪ್ಪು ಬೇಡಿಕೆ. ಕಂಬದ ಕೆಳಗೆ ಕಣ್ಣು ಕುಕ್ಕುವ ಬೆಳಕು ಬಿದ್ದರೆ ಎರಡು ಕಂಬಗಳ ನಡುವಿನ ಜಾಗ ಕಣ್ಣಿಗೆ ಇನ್ನಷ್ಟು ಕಪ್ಪಾಗುತ್ತದೆ. ಬೇಕಿರುವುದು ಸಮನಾದ ಬೆಳಕು. ಪರೀಕ್ಷೆ ಸುಲಭ: ಒಬ್ಬರು ಎರಡು ಕಂಬಗಳ ನಟ್ಟನಡುವೆ ನಿಲ್ಲಲಿ, ಇನ್ನೊಬ್ಬರು 4 ಮೀಟರ್ ದೂರದಿಂದ ನೋಡಲಿ. ಮುಖಭಾವ, ಕೈಯಲ್ಲಿ ಏನಿದೆ ಎಂಬುದು ತಿಳಿಯಬೇಕು. ಬರೀ ಆಕಾರ ಕಂಡರೆ ಆ ತುಂಡು ನಪಾಸು. ಎದುರಿಂದ ಬರುವವರ ಉದ್ದೇಶ ಅಳೆದು ಪಕ್ಕಕ್ಕೆ ಸರಿಯಲು ಬೇಕಾದ ಕನಿಷ್ಠ ಅಂತರ ಅದು.

ಆರಿದ ದೀಪಗಳನ್ನು ಎಣಿಸುವಾಗ ಯಾವ ಕ್ರಮದಲ್ಲಿ ಆರಿವೆ ನೋಡಿ. ಪ್ರತಿ ಮೂರನೆಯದು ಆರಿದ್ದರೆ ಅದು ಬಲ್ಬುಗಳ ದೋಷವಲ್ಲ, ಮೂರು ಫೇಸ್‌ಗಳಲ್ಲಿ, ಅಂದರೆ ಕಂಬಗಳಿಗೆ ಸರದಿಯಂತೆ ಕರೆಂಟ್ ಕೊಡುವ ಮೂರು ತಂತಿಗಳಲ್ಲಿ, ಒಂದು ಹೋಗಿರುವ ಸಾಧ್ಯತೆ ಹೆಚ್ಚು. ಫ್ಯೂಸ್ ಹಾಕಿದರೆ ಒಂದೇ ಸಲಕ್ಕೆ ಸರಿ. ಒಂದು ಕಂಬದಿಂದಾಚೆ ಸಾಲಾಗಿ ಎಲ್ಲವೂ ಆರಿದ್ದರೆ ಕೇಬಲ್ ತುಂಡಾಗಿರಬಹುದು. ಒಂದೇ ದೀಪ ಹತ್ತಿ ಆರಿ ಮಾಡುತ್ತಿದ್ದರೆ ದೀಪದೊಳಗೆ ಕರೆಂಟ್ ಹದಗೊಳಿಸುವ ‘ಡ್ರೈವರ್’ ಕೆಟ್ಟಿರಬಹುದು ಅಥವಾ ಸಂಪರ್ಕ ಸಡಿಲವಾಗಿರಬಹುದು. ಇಷ್ಟು ಬರೆದುಕೊಟ್ಟರೆ ಲೈನ್‌ಮನ್ ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ. ನಾವು ಯಾರೂ ಕಂಬ ಮುಟ್ಟುವುದು ಬೇಡ, ಮಳೆಯಲ್ಲಂತೂ ಬೇಡವೇ ಬೇಡ.

ಮೂಲೆ ಮನೆ:
ಸರಿ, ಗೇಟ್ ಬಿಡಿ. ಕಂಬ 14ರಿಂದ 17ರವರೆಗೆ ದೀಪ ಉರಿಯುತ್ತಲೇ ಇವೆ, ಆದರೂ ಕತ್ತಲೆ. ಅದಕ್ಕೇನು?

ಎ ಬ್ಲಾಕ್, ಎಲೆಕ್ಟ್ರಿಕಲ್:
ದೀಪ ಮರದ ಕೊಂಬೆಗಳಿಗಿಂತ ಎತ್ತರದಲ್ಲಿದೆ, ಎಲೆಗೆ ಬೆಳಕು ಬೀಳುತ್ತಿದೆ. ಮರ ಕಡಿಯುವ ಮಾತು ಬೇಡ. ಅದೇ ಕಂಬಕ್ಕೆ ಕೊಂಬೆಗಿಂತ ಕೆಳಗೆ, 4-5 ಮೀಟರ್ ಎತ್ತರದಲ್ಲಿ, ಫುಟ್‌ಪಾತ್ ಕಡೆಗೆ ಇನ್ನೊಂದು ಚಿಕ್ಕ ದೀಪ ಕೇಳೋಣ. ಪೊದೆ 1 ಮೀಟರ್‌ಗಿಂತ ಎತ್ತರ ಬೆಳೆಯಬಾರದು, ಮರದ ಕೊಂಬೆ 2 ಮೀಟರ್‌ಗಿಂತ ಕೆಳಗೆ ಇಳಿಯಬಾರದು. ನಡುವಿನ ಆ ಪಟ್ಟಿಯಲ್ಲಿ ನೋಟ ಹರಿಯಬೇಕು. ಖಾಲಿ ನಿವೇಶನಕ್ಕೆ ತಗಡಿನ ಗೋಡೆ ಬದಲು ಜಾಲರಿ ಹಾಕಲು ಮಾಲೀಕರನ್ನು ಕೇಳಬೇಕು. ಎರಡೂ ಕಡೆ ಗಟ್ಟಿ ಗೋಡೆ ಇದ್ದರೆ ರಸ್ತೆ ಸುರಂಗವಾಗುತ್ತದೆ, ಪಕ್ಕಕ್ಕೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಕಂಬ 16ರ ಮುಂದಿನ ಬಳ್ಳಿಯೂ ಪಟ್ಟಿಯಲ್ಲಿದೆ. ಯಾರ ಮನೆಯದು ಎಂದು ಇಲ್ಲಿ ಹೇಳುವುದಿಲ್ಲ.

ಮೂಲೆ ಮನೆ:
ಬಳ್ಳಿ ಕತ್ತರಿಸಿ. ಬುಡ ಮುಟ್ಟಬೇಡಿ.

ಬಿ ಬ್ಲಾಕ್, ರಸ್ತೆ ವಿನ್ಯಾಸ:
ಎಲ್ಲರೂ ಕತ್ತಲೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ನಿಲ್ದಾಣದ ಎದುರು ರಸ್ತೆ ದಾಟುವ ಜಾಗ ಹಗಲಲ್ಲೂ ಅಪಾಯಕಾರಿ. ಲೆಕ್ಕ ನೋಡಿ.

ರಸ್ತೆ ಅಗಲ 9 ಮೀಟರ್. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2 ಮೀಟರ್ ಎಂದರೆ ದಾಟಲು ಏಳೂವರೆ ಸೆಕೆಂಡು. ಗಂಟೆಗೆ 40 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 83 ಮೀಟರ್ ಬಂದಿರುತ್ತದೆ. ವಾಹನ ಮೊದಲು ಕಣ್ಣಿಗೆ ಬೀಳುವ ತಿರುವಿನಿಂದ ದಾಟುವ ಜಾಗಕ್ಕೆ ಇರುವುದು ಸುಮಾರು 60 ಮೀಟರ್. ಅಂದರೆ ಎರಡೂ ಕಡೆ ನೋಡಿ, ರಸ್ತೆ ಖಾಲಿ ಎಂದು ಖಚಿತಪಡಿಸಿಕೊಂಡು ಹೆಜ್ಜೆ ಇಟ್ಟವರೂ ಸಿಕ್ಕಿಬೀಳುತ್ತಾರೆ. ಇಲ್ಲಿ ಎಚ್ಚರಿಕೆಯ ಫಲಕದಿಂದ ಪ್ರಯೋಜನವಿಲ್ಲ.

ಮಧ್ಯದಲ್ಲಿ 2 ಮೀಟರ್ ಅಗಲದ ದ್ವೀಪ, ಅಂದರೆ ದಾಟುವವರು ನಡುವೆ ನಿಲ್ಲಲು ಒಂದು ಕಟ್ಟೆ, ಹಾಕಿದರೆ ಒಂದೊಂದು ಕಡೆ 3.5 ಮೀಟರ್ ಉಳಿಯುತ್ತದೆ, ಬಸ್ಸಿಗೆ ಅಷ್ಟು ಸಾಕು. ದಾಟಲು ಮೂರು ಸೆಕೆಂಡು, ಬೇಕಾದ ಖಾಲಿ ಅಂತರ ಸುಮಾರು 33 ಮೀಟರ್. ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ನನ್ನ ಪ್ರಕಾರ ಈ ರಸ್ತೆಯಲ್ಲಿ ಒಂದೇ ಒಂದು ಕೆಲಸ ಆಗುವುದಾದರೆ ಅದು ಇದೇ ಆಗಲಿ.

ಎರಡನೆಯದು ವೇಗ. ಚಾಲಕ ಪ್ರತಿಕ್ರಿಯಿಸಲು ಒಂದೂವರೆ ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ 30ರ ವೇಗದ ಕಾರು ನಿಲ್ಲಲು ಸುಮಾರು 18 ಮೀಟರ್ ಬೇಕು, 50ರದಕ್ಕೆ ಸುಮಾರು 35. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಡಿಕ್ಕಿಯ ಶಕ್ತಿ ವೇಗದ ವರ್ಗದಂತೆ ಏರುವುದರಿಂದ 50ರ ಪೆಟ್ಟು 30ರದಕ್ಕಿಂತ ಸುಮಾರು 2.8 ಪಟ್ಟು.

ಹಂಪ್ ಎಂದ ತಕ್ಷಣ ರಾತ್ರೋರಾತ್ರಿ ಡಾಂಬರಿನ ದಿಣ್ಣೆ ಹಾಕಿಸಬೇಡಿ. ಅರ್ಧ ಮೀಟರ್ ಅಗಲದ ದಿಣ್ಣೆ ಸೈಕಲ್, ಸ್ಕೂಟರ್‌ಗಳನ್ನು ಬೀಳಿಸುತ್ತದೆ, ಆಂಬುಲೆನ್ಸ್ ತಡವಾಗುತ್ತದೆ, ನೀರು ನಿಲ್ಲುತ್ತದೆ. ಕಾರಿನವರು ಮಾತ್ರ ಗಕ್ಕನೆ ಬ್ರೇಕ್ ಹಾಕಿ ಮತ್ತೆ ಹಾರಿಸಿಕೊಂಡು ಹೋಗುತ್ತಾರೆ. ಸರಿಯಾದ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರದ ಬಿಲ್ಲಿನಾಕಾರ. ಅದಕ್ಕಿಂತ ಒಳ್ಳೆಯದು, ದಾಟುವ ಜಾಗವನ್ನೇ ಫುಟ್‌ಪಾತ್ ಮಟ್ಟಕ್ಕೆ ಚಪ್ಪಟೆಯಾಗಿ ಎತ್ತರಿಸುವುದು. ಗಾಲಿಕುರ್ಚಿಗೂ ಅನುಕೂಲ. ಅಂಚಿನಲ್ಲಿ ನೀರು ಹರಿಯಲು ಜಾಗ ಬಿಡಬೇಕು, ಬಣ್ಣ ಬಳಿಯಬೇಕು, ಮೇಲೆ ದೀಪ ಇರಬೇಕು. ಆ ದೀಪ ದಾಟುವ ಗೆರೆಯ ನೆತ್ತಿಯ ಮೇಲಲ್ಲ, ವಾಹನ ಬರುವ ಕಡೆ ಸ್ವಲ್ಪ ಮುಂಚೆ. ಆಗ ಚಾಲಕನಿಗೆ ಕಾಣುವ ಮೈಭಾಗಕ್ಕೆ ಬೆಳಕು ಬೀಳುತ್ತದೆ. ಹಿಂದಿನಿಂದ ಬಿದ್ದರೆ ಬರೀ ನೆರಳು.

ತಂಗುದಾಣ ದಾಟುವ ಜಾಗದ ಆಚೆಗೆ ಹೋಗಲಿ. ಇಳಿದವರು ಆಗ ಬಸ್ಸಿನ ಹಿಂದೆ ದಾಟುತ್ತಾರೆ. ಈಗ ಬಸ್ಸಿನ ಮೂಗಿನ ಮುಂದೆ ದಾಟುತ್ತಿರುವುದರಿಂದ ಬಸ್ ಹಿಂದಿಕ್ಕಿ ಬರುವ ಬೈಕಿನವರಿಗೆ ಅವರು ಕೊನೆ ಗಳಿಗೆಯವರೆಗೆ ಕಾಣುವುದೇ ಇಲ್ಲ. ದಾಟುವ ಜಾಗಕ್ಕಿಂತ ಮುಂಚಿನ 6 ಮೀಟರ್‌ನಲ್ಲಿ ಯಾವ ವ್ಯಾನೂ ನಿಲ್ಲಕೂಡದು, ನಮ್ಮ ಬಡಾವಣೆಯವರದೂ ಸೇರಿ.

ಸೈಕಲ್ ಗುಂಪು:
ನಮ್ಮ ಕಡೆಯಿಂದ ಮೂರು ವಿಷಯ. ನಿಂತ ಕಾರುಗಳಿಂದ ಒಂದೂವರೆ ಮೀಟರ್ ದೂರ ಓಡಿಸಿ, ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ತಿರುಗುತ್ತಿರುವ ಬಸ್ಸು, ಲಾರಿಯ ಒಳಬದಿಗೆ ನುಗ್ಗಬೇಡಿ. ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಒಳಗೆ ಕೊರೆದುಕೊಂಡು ಬರುತ್ತದೆ. ಚಾಲಕನ ಮುಖ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ.

ಇನ್ನೊಂದು, ಹೊಳೆಯುವ ಹಸಿರು-ಹಳದಿ ಜಾಕೆಟ್ ಹಗಲಿಗೆ, ಮುಸ್ಸಂಜೆಗೆ ಮಾತ್ರ. ರಾತ್ರಿ ಕೆಲಸ ಮಾಡುವುದು ಬೆಳಕನ್ನು ಬಂದ ಕಡೆಗೇ ತಿರುಗಿಸುವ ಬೂದುಬಣ್ಣದ ಪಟ್ಟಿ. ಅದನ್ನು ಬೆನ್ನಿಗಿಂತ ಕಣಕಾಲಿಗೆ ಕಟ್ಟಿ. ಮೇಲೆ ಕೆಳಗೆ ಆಡುವ ಪಟ್ಟಿ ಕಂಡರೆ ಅದು ಮನುಷ್ಯ ಎಂದು ಚಾಲಕನಿಗೆ ಬೇಗ ಹೊಳೆಯುತ್ತದೆ. ನಡೆಯುವವರಿಗೂ ಇದು ಅನ್ವಯಿಸುತ್ತದೆ.

ಹಾಸ್ಟೆಲ್ ಪ್ರತಿನಿಧಿ:
ಕಾಮಗಾರಿ ಮುಗಿಯುವವರೆಗೆ ಮಾಡಬಹುದಾದ್ದು:

ಗ್ರಂಥಾಲಯದ ಮೆಟ್ಟಿಲಿನಿಂದ ಪ್ರತಿ ಅರ್ಧ ಗಂಟೆಗೆ ಗುಂಪು ಹೊರಡಲಿ. ‘ಜನ ಸೇರಿದಾಗ ಹೊರಡೋಣ’ ಎಂದರೆ ನಡೆಯುವುದಿಲ್ಲ, ಸಮಯ ನಿಗದಿಯಾಗಿರಬೇಕು. ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು. ಕೊನೆಯವರ ಹಿಂದೆ ಯಾರೂ ಉಳಿಯಬಾರದು. ನಿಲ್ದಾಣದಲ್ಲಿ ಬಸ್ ಹತ್ತಿಸಿಯೇ ಚದುರುವುದು.

ಸಹಾಯಕ್ಕೆ ಕರೆ ಮಾಡುವಾಗ ‘ಕ್ಯಾಂಪಸ್ ಹಿಂದೆ’ ಎಂದರೆ ಯಾರಿಗೂ ಜಾಗ ಗೊತ್ತಾಗುವುದಿಲ್ಲ, ಕಂಬದ ಸಂಖ್ಯೆ ಹೇಳಿ. ಅದಕ್ಕೆ ಸಂಖ್ಯೆಗಳು ಎದೆ ಎತ್ತರದಲ್ಲಿ, ಕತ್ತಲಲ್ಲೂ ಓದುವಂತೆ ಇರಬೇಕು. ಫೋನಿನ ಎಸ್‌ಒಎಸ್ ಯಾವ ಗುಂಡಿ, ಎಷ್ಟು ಸಲ ಒತ್ತಬೇಕು ಎಂಬುದು ಫೋನಿಂದ ಫೋನಿಗೆ ಬೇರೆ. ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿಟ್ಟುಕೊಳ್ಳಿ.

ಕ್ಯಾಬ್ ಬಂದಾಗ ಪ್ಲೇಟ್ ನೋಡಿ, ಆಮೇಲೆ ‘ಯಾರ ಹೆಸರಿಗೆ ಬುಕ್ ಆಗಿದೆ?’ ಎಂದು ನೀವೇ ಕೇಳಿ. ಹೆಸರನ್ನು ನೀವು ಹೇಳಿದರೆ ಯಾರು ಬೇಕಾದರೂ ‘ಹೌದು’ ಅನ್ನಬಹುದು.

ಸಂಚಾಲಕಿ:
ಹಾಗಾದರೆ ಶುಕ್ರವಾರ ಕತ್ತಲಾದ ಮೇಲೆ ನಡೆದು ನೋಡೋಣ. ಈ ರೀತಿಯ ಸುರಕ್ಷತಾ ಪರಿಶೀಲನೆ 1989ರಲ್ಲಿ ಟೊರಾಂಟೊದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ ಮಹಿಳೆಯರಿಗಾಗಿ ಶುರು ಮಾಡಿದ್ದು. ದಿನವೂ ಓಡಾಡುವವರೇ ಪರಿಣತರು ಎಂಬುದು ಅದರ ಮೂಲ ನಿಯಮ. ಆದ್ದರಿಂದ ಐದಾರು ಜನ ಸಾಕು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿನಿಯರು, ಗಾಲಿಕುರ್ಚಿ ಬಳಸುವವರು ಒಬ್ಬರು, ಈ ರಸ್ತೆ ಮೊದಲ ಸಲ ನೋಡುವವರು ಒಬ್ಬರು. ಎಂಜಿನಿಯರ್‌ಗಳು ಹಿಂದೆ ನಡೆಯಿರಿ, ಕೇಳಿದಾಗ ಮಾತ್ರ ಮಾತಾಡಿ.

ಎರಡು ಕಂಬದ ನಡುವಿನ ಒಂದೊಂದು ತುಂಡಿಗೆ ಒಂದು ಹಾಳೆ. ಮುಖ ಕಾಣುತ್ತದೆಯೇ, ಎಷ್ಟು ದೂರ ನೋಟ ಹೋಗುತ್ತದೆ, ಕೂಗಿದರೆ ಯಾರಿಗೆ ಕೇಳುತ್ತದೆ, ತಪ್ಪಿಸಿಕೊಳ್ಳಲು ದಾರಿ ಇದೆಯೇ, ಕಾಲಿಗೆ ಏನು ಎಡವುತ್ತದೆ. ಫೋಟೋ ತೆಗೆಯುವಾಗ ನೈಟ್ ಮೋಡ್ ಆಫ್ ಮಾಡಿ. ಇಲ್ಲದಿದ್ದರೆ ಫೋನು ಕತ್ತಲೆಯನ್ನು ಬೆಳ್ಳಗೆ ಮಾಡಿಬಿಡುತ್ತದೆ, ಅಧಿಕಾರಿಗಳು ‘ಬೆಳಕು ಚೆನ್ನಾಗಿಯೇ ಇದೆಯಲ್ಲ’ ಅನ್ನುತ್ತಾರೆ. ಕಡೆಯ ಬಸ್ಸಿನ ಹೊತ್ತಿಗೆ ಇನ್ನೊಂದು ಸುತ್ತು. ಅಂಗಡಿಗಳ ದೀಪ ಆರಿದ ಮೇಲೆ ಅದೇ ರಸ್ತೆ ಬೇರೆಯಾಗಿರುತ್ತದೆ.

ಪತ್ರಗಳು ನಾಲ್ಕು, ಒಂದರಲ್ಲಿ ಒಂದೇ ವಿಷಯ: ದೀಪ, ದ್ವೀಪ ಮತ್ತು ಎತ್ತರಿಸಿದ ದಾಟುದಾರಿ, ತಂಗುದಾಣ, ಗೇಟ್ ಕಾವಲು. ನಾಲ್ಕನ್ನೂ ಸೇರಿಸಿ ಒಂದೇ ಪತ್ರ ಬರೆದರೆ ಸುಲಭವಾದ ಒಂದು ಕೆಲಸ ಮಾಡಿ ಕಡತ ಮುಚ್ಚುತ್ತಾರೆ. ಅಳತೆಗೆ ಉದ್ದದ ಟೇಪು ಯಾರ ಹತ್ತಿರ ಇದೆ?

ಬಿ ಬ್ಲಾಕ್, ರಸ್ತೆ ವಿನ್ಯಾಸ:
30 ಮೀಟರಿನದು ಇದೆ, ತರುತ್ತೇನೆ. ತಿರುವಿನ ಅಂತರ ಅಳೆಯಲು ಇಬ್ಬರು ಬೇಕು, ಹಗಲಲ್ಲೇ ಮಾಡೋಣ.

ಮೂಲೆ ಮನೆ:
ನಾನು ಬರುತ್ತೇನೆ. ಕತ್ತರಿಯೂ ತರುತ್ತೇನೆ.