ಹಸಿ ಹಾಲು ಮಾರೋದು ಕಾನೂನಿಗೆ ವಿರುದ್ಧವಾ? ಹಸಿಯಾಗೇ ಕುಡೀತೀವಿ ಅನ್ನೋರಿಗೆ ಕೊಡಬಹುದಾ?

ಕೊಟ್ಟಿಗೆಮನೆ (ಶ್ರೀರಂಗಪಟ್ಟಣದ ಹತ್ತಿರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಎಚ್‌ಎಫ್, ಒಂದು ಜೆರ್ಸಿ ಹಸು ಇವೆ. ಬೆಳಗಿನ ಹಾಲು ಮೈಸೂರಿನ ಕಡೆ ವರ್ತನೆ ಮನೆಗಳಿಗೆ (ದಿನಾ ಗೊತ್ತಾಗಿ ಹಾಲು ಹಾಕಿಸಿಕೊಳ್ಳೋ ಮನೆಗಳು) ಹೋಗುತ್ತದೆ. ಸಂಜೆಯದ್ದು ಊರಿನ ಡೈರಿಗೆ. ಕರೆಯುವುದು ನಾನು, ಬೈಕಿಗೆ ಕ್ಯಾನ್ ಕಟ್ಟಿಕೊಂಡು ಹೋಗುವುದು ನಮ್ಮೆಜಮಾನ್ರು.

ಹೋದ ತಿಂಗಳಿಂದ ಒಂದು ಹೊಸ ಅಪಾರ್ಟ್‌ಮೆಂಟಿನ ಏಳೆಂಟು ಮನೆಯವರು ವರ್ತನೆ ಹಿಡಿದಿದ್ದಾರೆ. ಅವರದ್ದೇ ಬೇರೆ ರಾಗ. ಹಾಲು ಕಾಯಿಸಿದರೆ ಸತ್ವ ಹೋಗುತ್ತದಂತೆ. ಮಕ್ಕಳಿಗೂ ಹಸಿಯಾಗಿಯೇ ಕೊಡುತ್ತಾರಂತೆ. ಗಾಜಿನ ಬಾಟಲಿಯಲ್ಲಿ ತುಂಬಿ, ಮೇಲೆ "ಹಸಿಯಾಗಿ ಕುಡಿಯಬಹುದು" ಅಂತ ಚೀಟಿ ಅಂಟಿಸಿಕೊಟ್ಟರೆ ಲೀಟರಿಗೆ 90 ರೂಪಾಯಿ ಕೊಡುತ್ತೇವೆ ಅಂತಾರೆ. ಬೇರೆ ಮನೆಗಳಲ್ಲಿ ನಮಗೆ ಸಿಗೋದು 55. ಅದೇ ಅಪಾರ್ಟ್‌ಮೆಂಟಿನ ಇನ್ನೊಬ್ಬರು, ಹಸಿ ಹಾಲು ಮಾರೋದೇ ಅಪರಾಧ, ಫಾರಿನ್‌ನಲ್ಲಿ ಬ್ಯಾನ್ ಆಗಿದೆ, ಕಂಪ್ಲೇಂಟ್ ಕೊಡ್ತೀನಿ ಅಂತ ಗೇಟಿನಲ್ಲೇ ಜಗಳ ತೆಗೆದರು.

ನಮ್ಮೆಜಮಾನ್ರಿಗೆ 90 ರೂಪಾಯಿ ಕಣ್ಣಿಗೆ ಕಟ್ಟಿದೆ. "ನಮ್ಮವ್ವ ನೊರೆಹಾಲು ಕುಡಿದೇ ಎಂಬತ್ತು ದಾಟಿದ್ಲು" ಅಂತ ವಾದ ಮಾಡ್ತಾರೆ. ನಮ್ಮತ್ತೆ ಕುಡಿಯುತ್ತಿದ್ದದ್ದು ಮನೆಯ ಒಂದೇ ನಾಟಿ ಹಸುವಿನ ಹಾಲು, ಕರೆದ ಗಳಿಗೆಯಲ್ಲಿ. ನಾವು ಕೊಡೋದು ಐದು ಹಸುವಿನ ಹಾಲು ಒಂದೇ ಕ್ಯಾನಿಗೆ ಸುರಿದು. ಕೊನೆಯ ಮನೆ ಮುಟ್ಟುವ ಹೊತ್ತಿಗೆ ಕ್ಯಾನ್ ಬೆಚ್ಚಗೇ ಇರುತ್ತದೆ, ಬಿಸಿಲೂ ಏರಿರುತ್ತದೆ.

ಇನ್ನೊಂದು ಮಾತು, ಕರೆಯೋರಿಗೆ ಗೊತ್ತಿರುತ್ತದೆ. ಕೆಚ್ಚಲು ತೊಳೆದು, ಒರೆಸಿ, ಮೊದಲ ಎರಡು ಸೀರು ಬೇರೆ ಲೋಟಕ್ಕೆ ಹಿಂಡಿ ಗಂಟು ಇದೆಯಾ ನೋಡಿಯೇ ನಾನು ಪಾತ್ರೆ ಇಡುವುದು. ಆದರೂ ಹಸು ಬಾಲ ಬೀಸುತ್ತದೆ, ಕಾಲು ಎತ್ತಿ ಇಡುತ್ತದೆ. ಸೋಸುವ ಬಟ್ಟೆ ಬಿಚ್ಚಿ ನೋಡಿದರೆ ದಿನಾ ಏನಾದರೂ ಇರುತ್ತದೆ. ಒಂದು ಕೂದಲು, ಹುಲ್ಲಿನ ಚೂರು, ಸಗಣಿಯ ಒಂದು ಚುಕ್ಕೆ. ಚುಕ್ಕೆ ಬಟ್ಟೆಯಲ್ಲಿ ನಿಂತಿತು ಸರಿ, ಅದರಿಂದ ಕರಗಿದ್ದು ಹಾಲಿಗೇ ಹೋಯಿತಲ್ವಾ? ಅದಕ್ಕೇ ನಮ್ಮ ಮನೆಯಲ್ಲಿ ಉಕ್ಕಿಸದ ಹಾಲನ್ನು ಯಾರಿಗೂ ಕುಡಿಯೋಕೆ ಕೊಡಲ್ಲ.

ಕಾನೂನು ಏನು ಹೇಳುತ್ತದೆ? ನಿಜಕ್ಕೂ ಬ್ಯಾನ್ ಮಾಡಬೇಕಾ? ಮಾಡಿದರೆ ನಮ್ಮಂಥವರ ಗತಿ ಏನು? ತಿಳಿದೋರು ಹೇಳಿ.

ರಿಟೈರ್ಡ್_ಪಶುವೈದ್ಯ

ತಾಯಿ, ಮೊದಲು ಧೈರ್ಯವಾಗಿರಿ. ನಮ್ಮ ದೇಶದಲ್ಲಿ ಹಸಿ ಹಾಲು ಮಾರೋದಕ್ಕೆ ನಿಷೇಧ ಇಲ್ಲ. ಗೇಟಿನಲ್ಲಿ ಜಗಳ ತೆಗೆದವರು ಯಾವುದೋ ದೇಶದ ಕಾನೂನು ಓದಿಕೊಂಡು ಬಂದಿದ್ದಾರೆ.

ಆದರೆ ಸುಮ್ನೆ ಮಾರೋ ಹಾಗೂ ಇಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ಸಣ್ಣ ಪ್ರಮಾಣದಲ್ಲಿ ಮಾರುವವರೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಬೇಕು. ಡೈರಿ ಸಂಘದ ಸದಸ್ಯರಾಗಿದ್ದು, ಇರೋ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ವಿನಾಯಿತಿ ಇದೆ. ನೀವು ಬೆಳಗಿನ ಹಾಲು ಹೊರಗೆ ಮಾರ್ತೀರಿ, ಹಾಗಾಗಿ ಆ ವಿನಾಯಿತಿ ನಿಮಗೆ ಬರಲ್ಲ. ನೋಂದಣಿ ಮಾಡಿಸಿಕೊಂಡುಬಿಡಿ. ಗೇಟಿನವರ ಬಾಯಿಗೂ ಬೀಗ ಬೀಳುತ್ತದೆ.

ಆ ಚೀಟಿ ಮಾತ್ರ ಬೇಡವೇ ಬೇಡ. ಅದೇ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ ಜನರನ್ನು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೂ ದಂಡ ಇದೆ. ಹಾಲು ಮಾರೋದು ನಿಮ್ಮ ಕಸುಬು. "ಹಸಿಯಾಗಿ ಕುಡಿಯಬಹುದು" ಅಂತ ಬರೆದರೆ ಅದು ನೀವು ಕೊಡುವ ಗ್ಯಾರಂಟಿ. ಆ ಗ್ಯಾರಂಟಿ ಯಾವ ಹಸುವಿನ ಮೇಲೂ ಕೊಡೋಕಾಗಲ್ಲ.

ಯಾಕೆ ಅಂದರೆ ಕಂದು ರೋಗ. ಬ್ರುಸೆಲ್ಲೋಸಿಸ್ ಅಂತಾರಲ್ಲ, ಅದೇ. ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕುತ್ತದೆ, ಅಂದರೆ ಗಬ್ಬ ಇಳಿದುಹೋಗುತ್ತದೆ, ಮಾಸು (ಜರಾಯು) ಬೀಳಲ್ಲ. ಆಮೇಲೆ ಹಸು ನೋಡೋಕೆ ದುಂಡಗೆ ಚೆನ್ನಾಗೇ ಇರುತ್ತದೆ, ಹಾಲೂ ಕೊಡುತ್ತದೆ. ರೋಗಾಣು ಆ ಹಾಲಿನಲ್ಲೇ ಇಳಿಯುತ್ತಿರುತ್ತದೆ. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಗೊತ್ತಾಗಲ್ಲ. ಲ್ಯಾಕ್ಟೋಮೀಟರ್ ನೀರು ಹಿಡಿಯುತ್ತದೆಯೇ ಹೊರತು ಇದನ್ನಲ್ಲ. ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ಕೀಲು ಹಿಡಿದುಕೊಳ್ಳೋದು. ಟೈಫಾಯ್ಡ್ ಅಂತ ಔಷಧಿ ಕೊಡ್ತಾ ಹೋಗ್ತಾರೆ. ಸರಿಯಾಗಿ ಪತ್ತೆ ಆದರೂ ಎರಡು ಬಗೆ ಆಂಟಿಬಯೋಟಿಕ್ ಆರು ವಾರ ನುಂಗಬೇಕು.

ಇದು ಹೊಸ ವಿಷಯ ಏನಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಸೈನಿಕರ ಜ್ವರದಲ್ಲಿ ಈ ರೋಗಾಣು ಕಂಡುಹಿಡಿದ. ಅದು ಬರ್ತಿರೋದು ಮೇಕೆ ಹಾಲಿನಿಂದ ಅಂತ ಗೊತ್ತಾಗೋಕೆ 1905 ಆಯಿತು. ಅಷ್ಟು ವರ್ಷ ಹಾಲಿನ ಮೇಲೆ ಯಾರಿಗೂ ಅನುಮಾನವೇ ಬಂದಿರಲಿಲ್ಲ!

ನಾಟಿಹಾಲು_ಬೆಂಗಳೂರು

ಡಾಕ್ಟ್ರು ಸುಮ್ನೆ ಹೆದರಿಸ್ತಾರೆ. ನಾನು ಹಸಿ ಎ2 ಹಾಲೇ (ನಾಟಿ ಹಸುವಿನದು ಅಂತ ಮಾರ್ತಾರಲ್ಲ, ಅದು) ಕುಡಿಯೋದು, ಏನೂ ಆಗಿಲ್ಲ. ಸಿಗರೇಟ್ ಮಾರಬಹುದು, ಹೆಂಡ ಮಾರಬಹುದು, ಹಾಲು ಮಾತ್ರ ಮಾರಬಾರದಾ? ದೇವಸ್ಥಾನದಲ್ಲಿ ಪಂಚಾಮೃತಕ್ಕೆ ಹಾಕೋದು ಹಸಿ ಹಾಲೇ ಅಲ್ವಾ? ನನ್ನ ಹೊಟ್ಟೆ, ನನ್ನ ಇಷ್ಟ. ಅಕ್ಕ, ನೀವು ಬಾಟಲಿ ತುಂಬಿಸಿ, ನಾನೇ ಬಂದು ತಗೊಂಡು ಹೋಗ್ತೀನಿ.

ಸ್ಯಾಕ್ರಮೆಂಟೊ_ಕನ್ನಡತಿ

ಫಾರಿನ್ ಅಂದ್ರಲ್ಲ, ಅದಕ್ಕೇ ಬರೀತಿದ್ದೀನಿ. ಫಾರಿನ್ ಅಂದರೆ ಒಂದೇ ಕಾನೂನು ಇಲ್ಲ ಕಣ್ರೀ. ಕೆನಡಾದಲ್ಲಿ 1991ರಿಂದ ಮಾರೋ ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ 1983ರಿಂದ ಇಲ್ಲ, ಪಕ್ಕದ ಇಂಗ್ಲೆಂಡಿನಲ್ಲಿ ರೈತ ನೇರವಾಗಿ ಮಾರಬಹುದು, ಬಾಟಲಿ ಮೇಲೆ ಎಚ್ಚರಿಕೆ ಇರಬೇಕು. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರೋದನ್ನ 1987ರಲ್ಲೇ ನಿಲ್ಲಿಸಿದರು. ರಾಜ್ಯದ ಒಳಗೆ ಆಯಾ ರಾಜ್ಯದ ಇಷ್ಟ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಸಿಗುತ್ತದೆ.

2024ರ ಮಾರ್ಚ್‌ನಲ್ಲಿ ಇಲ್ಲಿನ ಹಸುಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ವೈರಸ್ ಹಾಲಿನಲ್ಲೇ ಜಾಸ್ತಿ. ಟೆಕ್ಸಾಸ್‌ನ ಒಂದು ಫಾರ್ಮಿನಲ್ಲಿ ಕಾಯಿಲೆ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳಲ್ಲಿ ಸುಮಾರು ಅರ್ಧ ಸತ್ತವು. ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾದ ಅಂಗಡಿಯ ಹಸಿ ಹಾಲಿನಲ್ಲೂ ವೈರಸ್ ಸಿಕ್ಕಿ ಬಾಟಲಿಗಳನ್ನ ವಾಪಸ್ ತರಿಸಿದರು. ಲೈಸೆನ್ಸ್, ಟೆಸ್ಟಿಂಗ್, ಫ್ರಿಜ್ ಎಲ್ಲಾ ಇರೋ ಕಡೆಯೇ ಹೀಗೆ.

ನಾನೂ ಆ ಹಾಲು ತರ್ತೀನಿ. ತಂದು ಉಕ್ಕಿಸ್ತೀನಿ! ನನಗೆ ಬೇಕಿರೋದು ಕೆನೆ ಮತ್ತು ಗಟ್ಟಿ ಮೊಸರು. ಪಕ್ಕದ ಮನೆಯವಳು ನೋಡಿ, ದುಡ್ಡು ಕೊಟ್ಟು ಹಸಿ ಹಾಲು ತಂದು ಯಾಕೆ ಹಾಳು ಮಾಡ್ತೀಯ ಅಂತ ನಗ್ತಾಳೆ. ಇಲ್ಲಿ ಯಾರ ಮನೆಯಲ್ಲೂ ಹಾಲು ಕಾಯಿಸೋ ಅಭ್ಯಾಸವೇ ಇಲ್ಲ. ಬಾಟಲಿಯಿಂದ ನೇರ ಲೋಟಕ್ಕೆ. ಅದಕ್ಕೇ ಇಲ್ಲಿ ಕಾನೂನು ಅಂಗಡಿಯಲ್ಲೇ ತಡೀಬೇಕು. ನಮ್ಮೂರಲ್ಲಿ ಆ ಕೆಲಸ ಅಡುಗೆಮನೆಯ ಒಲೆ ಮಾಡ್ತಿದೆ. ಫಾರಿನ್ ಬ್ಯಾನ್ ಎತ್ತಿಕೊಂಡು ಹೋಗಿ ಅಲ್ಲಿ ಹಾಕೋದರಲ್ಲಿ ಅರ್ಥ ಇಲ್ಲ.

ರಿಟೈರ್ಡ್_ಪಶುವೈದ್ಯ

ಒಲೆಯ ಮಾತು ಸರಿಯಾಗಿ ಹೇಳಿದಿರಿ. ಪಾಶ್ಚರೀಕರಣ ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್. ಮನೆಯಲ್ಲಿ ಉಕ್ಕು ಬಂದ ಮೇಲೆ ಉರಿ ತಗ್ಗಿಸಿ ಸೌಟಾಡಿಸುತ್ತಾ ನಾಲ್ಕು ನಿಮಿಷ ಬಿಟ್ಟರೆ ಅದಕ್ಕಿಂತ ಎಷ್ಟೋ ಜಾಸ್ತಿ ಆಯಿತು.

ಬೆಂಗಳೂರಿನ ಸ್ನೇಹಿತರೇ, ಕಾಯಿಸಿದರೆ ಬಿ1, ಫೋಲೇಟ್, ಸಿ ವಿಟಮಿನ್‌ಗಳು ಒಂದಿಷ್ಟು ಕಮ್ಮಿ ಆಗುತ್ತವೆ, ನಿಜ. ಸಿ ವಿಟಮಿನ್‌ಗೆ ಹಾಲು ಯಾರು ಕುಡೀತಾರೆ, ಒಂದು ನೆಲ್ಲಿಕಾಯಿ ತಿನ್ನಿ. ಕ್ಯಾಲ್ಸಿಯಂ ಎಲ್ಲಿಗೂ ಹೋಗಲ್ಲ. ಎ2 ಹಸುವಿಗೂ ಕಂದು ರೋಗ ಬರುತ್ತದೆ, ಅದು ಜಾತಿ ಕೇಳಲ್ಲ. ಇನ್ನು ಎ2 ಅಂತ ಬರೆಯೋದರ ಬಗ್ಗೆ ಎಫ್‌ಎಸ್‌ಎಸ್‌ಎಐಗೇ ಸ್ಪಷ್ಟ ಇಲ್ಲ. 2024ರ ಆಗಸ್ಟಿನಲ್ಲಿ ತೆಗೆಯಿರಿ ಅಂದರು, ಒಂದು ವಾರ ಕಳೆಯುವುದರೊಳಗೆ ಆ ಆದೇಶ ವಾಪಸ್ ತಗೊಂಡರು.

ಪಂಚಾಮೃತ ಒಂದು ಉದ್ಧರಣೆ, ಮನೆಯಲ್ಲಿ ದಿನಾ ಕುಡಿಯೋದು ದೊಡ್ಡ ಲೋಟ. ಆದರೂ ಬಸುರಿಯರು ತೀರ್ಥವನ್ನು ಕಣ್ಣಿಗೆ ಒತ್ತಿಕೊಂಡು ಬಿಟ್ಟರೆ ದೇವರೇನೂ ಕೋಪಿಸಿಕೊಳ್ಳಲ್ಲ ಅಂತ ನಾನು ನಮ್ಮ ಮನೆಯಲ್ಲೇ ಹೇಳಿದ್ದೇನೆ. ಬೈಸಿಕೊಂಡೆ, ಅದು ಬೇರೆ ಮಾತು.

ಒಲೆಯಿಂದ ಆಗದ್ದೂ ಒಂದಿದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ ತಿನ್ನಿಸಿದರೆ ಅಫ್ಲಾಟಾಕ್ಸಿನ್ ವಿಷ ಹಾಲಿಗೆ ಬರುತ್ತದೆ. ಎಷ್ಟು ಕುದಿಸಿದರೂ ಹೋಗಲ್ಲ. ಕೆಚ್ಚಲುಬಾವಿಗೆ ಕೊಟ್ಟ ಆಂಟಿಬಯೋಟಿಕ್ ಕೂಡ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಅಧಿಕಾರಿಗಳಿಗೆ ಪುರುಸೊತ್ತು ಇದ್ದರೆ ಇದನ್ನು ಹಿಡಿಯಲಿ, ಐದು ಹಸುವಿನ ಹೆಂಗಸನ್ನಲ್ಲ.

ಕೊಟ್ಟಿಗೆಮನೆ

ಎಲ್ಲರಿಗೂ ಥ್ಯಾಂಕ್ಸ್. ನಾಟಿಹಾಲು ಅಣ್ಣ, ನಿಮ್ಮ ಹೊಟ್ಟೆ ನಿಮ್ಮಿಷ್ಟ, ಒಪ್ಪಿದೆ. ಆದರೆ ಆ ಮನೆಗಳಲ್ಲಿ ಲೋಟ ಹಿಡಿಯೋದು ಮೂರು ವರ್ಷದ ಮಗು. ಅದನ್ನ ಯಾರೂ ಕೇಳಿಲ್ಲ. ನಿಮಗೆ ಬೇಕಾದರೆ ಬನ್ನಿ, 55 ರೂಪಾಯಿಗೇ ಕೊಡ್ತೀನಿ, "ಕಾಯಿಸಿ ಕುಡೀರಿ" ಅಂತ ಹೇಳಿಯೇ ಕೊಡ್ತೀನಿ. ಮನೆಗೆ ಹೋಗಿ ಏನು ಮಾಡ್ತೀರೋ ನಾನು ಬಂದು ನೋಡಲ್ಲ.

ನನಗನ್ನಿಸೋದು ಇಷ್ಟು. ಮಾರೋದನ್ನ ಬ್ಯಾನ್ ಮಾಡಬಾರದು. ಮಾಡಿದರೆ ಗೌರಿಹಬ್ಬಕ್ಕೆ ಅಷ್ಟೋ ಇಷ್ಟೋ ಕೈಗೆ ಬರೋ ವರ್ತನೆ ದುಡ್ಡೂ ನಿಂತು ಹೋಗತ್ತೆ. ಕಾಯಿಸಬೇಡಿ ಅಂತ ಹೇಳಿಕೊಂಡು ಜಾಸ್ತಿ ರೇಟಿಗೆ ಮಾರ್ತಾರಲ್ಲ, ಆ ಮಾತಿಗೆ ದಂಡ ಹಾಕಬೇಕು. ನಮ್ಮೆಜಮಾನ್ರಿಗೂ ಇದನ್ನೇ ಓದಿ ಹೇಳಿದೆ. ಬಾಟಲಿ ಬೇಡ, ಚೀಟಿ ಬೇಡ. 90 ರೂಪಾಯಿ ಹೋಯ್ತಲ್ಲ ಅಂತ ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ.

ಡಾಕ್ಟ್ರೇ, ಒಂದು ಅನುಮಾನ. ನಮ್ಮ ಜೆರ್ಸಿ ಹಿಂದಿನ ಸಲ ಏಳು ತಿಂಗಳಿಗೆ ಕಂದು ಹಾಕಿತ್ತು. ಅದು ಕಂದು ರೋಗವೇ ಅಂತ ತಿಳಿಯೋದು ಹೇಗೆ?

ರಿಟೈರ್ಡ್_ಪಶುವೈದ್ಯ

ತಾಲ್ಲೂಕು ಪಶು ಆಸ್ಪತ್ರೆಗೆ ಹೇಳಿ, ಐದೂ ಹಸುವಿನ ರಕ್ತ ತೆಗೆಸಿ. ಒಂದನ್ನೇ ನೋಡಿದರೆ ಸಾಲದು. ರಿಪೋರ್ಟ್ ಬರೋವರೆಗೂ ಜೆರ್ಸಿ ಹಾಲು ಮನೆಮನೆಗೆ ಬೇಡ. ಮುಂದೆ ಯಾವ ಹಸು ಈದರೂ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೂ ಹಾಕಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಮನೆಯಲ್ಲಿ ಹೆಣ್ಣು ಕರು ಇದೆಯಾ? ನಾಲ್ಕರಿಂದ ಎಂಟು ತಿಂಗಳ ಒಳಗಿದ್ದರೆ ಕಂದು ರೋಗದ ಲಸಿಕೆ ಹಾಕಿಸಿ. ಒಂದೇ ಸಲ, ಹೆಣ್ಣು ಕರುವಿಗೆ ಮಾತ್ರ.

ಕೊಟ್ಟಿಗೆಮನೆ

ಒಂದಿದೆ ಡಾಕ್ಟ್ರೇ, ಐದು ತಿಂಗಳದ್ದು. ಸೋಮವಾರ ಹೋಗ್ತೀವಿ.