ಸಹಾಯ ಬೇಕು: ಬಂಟಿಂಗ್ ಹಿಂಡಿನಲ್ಲಿರುವ ಈ ಹೆಣ್ಣು ಹಕ್ಕಿ ಯಾವುದು?

ಎಲ್ಲರಿಗೂ ನಮಸ್ಕಾರ. ಗದಗ ತಾಲ್ಲೂಕಿನ ನಮ್ಮ ಎರೆಹೊಲದಲ್ಲಿ ಬಿಳಿಜೋಳ ತೆನೆ ಬಲಿತಿದ್ದು, ಚಳಿಗಾಲಕ್ಕೆ ಬಂದಿರುವ, ಗುಬ್ಬಚ್ಚಿಯಂತಹ ಕಾಳು ತಿನ್ನುವ ಹಕ್ಕಿಗಳಾದ ಕಪ್ಪುತಲೆಯ ಬಂಟಿಂಗ್‌ಗಳ ದೊಡ್ಡ ಹಿಂಡೊಂದು ನಾಲ್ಕು ದಿನಗಳಿಂದ ಅಲ್ಲಿಯೇ ಬೀಡುಬಿಟ್ಟಿದೆ. ಹಿಂಡು ಎದ್ದು ಬದುವಿನ ಜಾಲಿಯ ಮೇಲೆ ಕುಳಿತರೆ ಗಿಡವೇ ಅಕಾಲದಲ್ಲಿ ಹೂಬಿಟ್ಟಂತೆ ಕಾಣುತ್ತದೆ. ಗಂಡುಗಳನ್ನು ಗುರುತಿಸಲು ತೊಂದರೆಯಿಲ್ಲ.

ಆದರೆ ಅವುಗಳ ನಡುವಿನ ಒಂದು ಹೆಣ್ಣು, ನಾನು ಇಲ್ಲಿ ಇದುವರೆಗೆ ಕಂಡಿರದ ಕೆಂಪುತಲೆಯ ಬಂಟಿಂಗ್ ಇರಬಹುದೆಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ. ಕಪ್ಪುತಲೆಯ ಹೆಣ್ಣಿನ ಬೆನ್ನು ಮತ್ತು ಸೊಂಟದಲ್ಲಿ (ಬಾಲದ ಬುಡದ ಮೇಲ್ಭಾಗದಲ್ಲಿ) ಕೆಂಗಂದು ಛಾಯೆ ಇದ್ದು ಕೊಕ್ಕು ತುಸು ಉದ್ದವಾಗಿರುತ್ತದೆ, ಕೆಂಪುತಲೆಯದರ ಸೊಂಟ ಹಸಿರುಹಳದಿಯಾಗಿದ್ದು ಕೊಕ್ಕು ಗಿಡ್ಡವಾಗಿರುತ್ತದೆ ಎಂಬುದನ್ನು ಓದಿಕೊಂಡೇ 8×42 ದುರ್ಬೀನಿನಿಂದ ಎರಡು ಮುಂಜಾನೆ ನೋಡಿದೆ, ಫೋಟೋಗಳನ್ನೂ ತೆಗೆದೆ. ಈ ಹಕ್ಕಿಯ ಕೊಕ್ಕು ಪಕ್ಕದವುಗಳಿಗಿಂತ ಸ್ಪಷ್ಟವಾಗಿ ಗಿಡ್ಡವಾಗಿದೆ. ಆದರೆ ತೆನೆಯಿಂದ ತೆನೆಗೆ ಹಾರುವಾಗ ಕ್ಷಣಮಾತ್ರ ಕಾಣುವ ಸೊಂಟ ಒಂದು ಫೋಟೋದಲ್ಲಿ ಹಳದಿಯಾಗಿ, ಇನ್ನೊಂದರಲ್ಲಿ ಕಂದಾಗಿ ಬಂದಿದೆ. ಎಳೆಬಿಸಿಲಿನ ಕೆಂಪೂ ಇದಕ್ಕೆ ಕಾರಣವಿರಬಹುದು.

ವಾರದೊಳಗೆ ಕೊಯ್ಲು ಆರಂಭವಾದರೆ ಹಿಂಡು ಚದುರಿಹೋಗುತ್ತದೆ. ಗರಿಗಳು ಸವೆದಿರುವ ಇಂತಹ ಹೆಣ್ಣಿನಲ್ಲಿ ಕೊಕ್ಕಿನ ಆಕಾರವನ್ನು ನಂಬಬೇಕೇ, ಸೊಂಟದ ಬಣ್ಣವನ್ನು ನಂಬಬೇಕೇ? ಖಚಿತಪಡಿಸಿಕೊಳ್ಳಲು ದೇಹದ ಯಾವ ಭಾಗದ ಫೋಟೋ ತೆಗೆಯಬೇಕು? ಬಲ್ಲವರು ದಯವಿಟ್ಟು ತಿಳಿಸಿ.